ಪಶುವೈದ್ಯರ ಕಾರಿನ ಹೊಟ್ಟೆಯುಬ್ಬರ

ಕೊಪ್ಪದ ಪಶುವೈದ್ಯ ವೃಷಭೇಂದ್ರಪ್ಪನವರು ಯಾರ ಮನೆಗೂ ಮುಂಬಾಗಿಲಿನಿಂದ ಹೋದವರಲ್ಲ. ಮದುವೆಯ ಊಟಕ್ಕೆ ಕರೆದಿರಲಿ, ಪೂಜೆಯ ಪ್ರಸಾದಕ್ಕೆ ಕರೆದಿರಲಿ, ಗೇಟು ದಾಟಿದ ಕೂಡಲೇ ಅವರ ಕಾಲು ತಾನಾಗಿ ಮನೆಯ ಮಗ್ಗುಲಿಗೆ ಹೊರಳಿ ಕೊಟ್ಟಿಗೆಯ ಹಾದಿ ಹಿಡಿಯುತ್ತಿತ್ತು. ಅಲ್ಲಿ ಕಟ್ಟಿದ್ದ ಹಸುಗಳನ್ನೆಲ್ಲ "ಏನಮ್ಮಾ, ಮೇವು ಸೇರ್ತಾ ಇದೆಯಾ ತಮಗೆ?" ಎಂದು ಬಹುವಚನದಲ್ಲಿ ವಿಚಾರಿಸಿಕೊಂಡು, ಹಿತ್ತಲ ಬಾಗಿಲಿನಿಂದ ಒಳಹೊಕ್ಕು, ಮನೆಯ ಯಜಮಾನನನ್ನು "ಏನಯ್ಯಾ, ಇದ್ದೀಯಾ?" ಎಂದು ಏಕವಚನದಲ್ಲಿ ಕೇಳುವುದು ಅವರ ಶಿಷ್ಟಾಚಾರ. ಕೊಟ್ಟಿಗೆಯೇ ಇಲ್ಲದ ಮನೆಗೆ ಹೋದರೆ ಎಲ್ಲಿಂದ ಪ್ರವೇಶಿಸಬೇಕೆಂದು ತಿಳಿಯದೆ ಅಂಗಳದಲ್ಲೇ ತಬ್ಬಿಬ್ಬಾಗಿ ನಿಲ್ಲುತ್ತಿದ್ದರು. ಹೆಂಡತಿ ಪ್ರೇಮಕ್ಕ ಕೋಟಿನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋಗಬೇಕಾಗುತ್ತಿತ್ತು.

ಹೆಸರಿಗೆ ತಕ್ಕ ಹುದ್ದೆ ಸಿಕ್ಕುವ ಭಾಗ್ಯ ಲೋಕದಲ್ಲಿ ಅಪರೂಪ. ನರಸಿಂಹರಾಜಪುರದ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದ ಶಿಶುವಿಗೆ ವೃಷಭೇಂದ್ರನೆಂದು ನಾಮಕರಣ ಮಾಡುವಾಗಲೇ ಹಿರಿಯರು ಪಶುಸಂಗೋಪನಾ ಇಲಾಖೆಯ ನೇಮಕಾತಿ ಆದೇಶವನ್ನೂ ತೊಟ್ಟಿಲಿಗೆ ಕಟ್ಟಿದ್ದರೆಂದು ಕಾಣುತ್ತದೆ. ಅಣ್ಣತಮ್ಮಂದಿರೆಲ್ಲ ಅಂಗಡಿ ನಡೆಸಿ ಧನವಂತರಾದರು, ಇವರೊಬ್ಬರು ದನವಂತರಾದರು. "ನನಗೆ ಪತಿ, ಊರಿಗೆ ಪಶುಪತಿ" ಎಂದು ಪ್ರೇಮಕ್ಕ ನಗುತ್ತಿದ್ದರು. ಹಾಗೆ ನಗುವುದಕ್ಕೆ ಅವರಿಗೆ ವರ್ಷಗಳ ಅಭ್ಯಾಸ ಬೇಕಾಗಿತ್ತು. ಮೊದಮೊದಲು, ಬಸರೀಕಟ್ಟೆಯ ಆಚೆಯ ಯಾವುದೋ ಎಸ್ಟೇಟಿನಲ್ಲಿ ಕರು ಅಡ್ಡ ಸಿಕ್ಕಿಕೊಂಡಿದೆಯೆಂದು ಊಟದ ತಟ್ಟೆಯ ಮುಂದಿನಿಂದ ಎದ್ದುಹೋಗುವ ಗಂಡನನ್ನು ನೋಡಿ ಅವರಿಗೆ ಬಂದದ್ದು ನಗುವಲ್ಲ.

ಡಾಕ್ಟರ ನಡಿಗೆಯೂ ಅವರ ವೃತ್ತಿಯೇ ತಿದ್ದಿದ ನಡಿಗೆ. ಹಸುವಿನ ಗರ್ಭಪರೀಕ್ಷೆಗೆ ತೋಳನ್ನು ಭುಜದವರೆಗೆ ಒಳಗಿಟ್ಟು ಇಟ್ಟು ಎಡ ಹೆಗಲು ಒಂದಿಷ್ಟು ಕೆಳಗಿಳಿದು, ಹೊರಗಿನಿಂದ ಬಂದವರಿಗೆ ಅವರು ಸದಾ ಯಾವುದೋ ಕಾಣದ ಬಕೆಟ್ಟು ಹಿಡಿದು ನಡೆಯುತ್ತಿದ್ದಾರೆಂಬ ಭ್ರಮೆ ಹುಟ್ಟುತ್ತಿತ್ತು. ಮೈಮೇಲೆ ವರ್ಷವಿಡೀ ಒಂದು ಖಾಕಿ ಕೋಟು. ಅದರ ಒಂದು ಜೇಬಿನಲ್ಲಿ ದಾರ ಕಟ್ಟಿದ ಥರ್ಮಾಮೀಟರು, ಇನ್ನೊಂದರಲ್ಲಿ ಹಸುಗಳಿಗೆ ಬೆಲ್ಲದ ಚೂರು, ಮಕ್ಕಳಿಗೆ ಪೆಪ್ಪರಮೆಂಟು. ಈ ಎರಡು ಪದಾರ್ಥಗಳ ವಿತರಣೆಯಲ್ಲಿ ಆಗಾಗ ಅದಲುಬದಲಾದರೂ ಎರಡು ಪಕ್ಷದವರೂ ದೂರು ಹೇಳಿದ್ದಿಲ್ಲ. ಮಾತು ಯಾವುದಿರಲಿ, "ಹಾಗೇನಿಲ್ಲ, ಹೀಗೆ" ಎಂದೇ ಆರಂಭ. "ಡಾಕ್ಟ್ರೇ, ಮಳೆ ಬರ್ತದಾ?" ಎಂದರೆ "ಹಾಗೇನಿಲ್ಲ, ಹೀಗೆ: ಬರ್ತದೆ" ಎನ್ನುವರು. ದನ ಹಿಡಿಯಲು ಬಂದವನು ಎಡ ಬಲ ತಪ್ಪಿದರೆ ಮಾತ್ರ ಅವರ ಸಹನೆ ಕೆಡುತ್ತಿತ್ತು: "ಎಡ ಅಂದ್ರೆ ಅವರ ಎಡ ಕಣಯ್ಯಾ, ನಿನ್ನ ಎಡ ಅಲ್ಲ! ರೋಗ ಅವರಿಗೋ ನಿನಗೋ?"

ಇಂಥ ಮನುಷ್ಯನಿಗೆ ಒಂದೇ ಒಂದು ದುಶ್ಚಟ. ತಾನು ಬಿಚ್ಚಿ ನೋಡದ ಯಾವ ಯಂತ್ರವನ್ನೂ ನಂಬುತ್ತಿರಲಿಲ್ಲ. "ಬಿಚ್ಚದೆ ನಂಬೋದು ಭಕ್ತಿ, ಬಿಚ್ಚಿ ನಂಬೋದು ಬುದ್ಧಿ" ಎಂಬ ಸೂತ್ರದಡಿ ಮನೆಯ ಮಿಕ್ಸಿ, ಗೋಡೆ ಗಡಿಯಾರ, ಹೊಸದಾಗಿ ಬಂದ ಇನ್ವರ್ಟರು, ಎಲ್ಲವೂ ಒಂದೊಂದು ಸಲ ಪತ್ರಿಕೆಯ ಹಾಳೆಯ ಮೇಲೆ ಅಂಗಾಂಗವಾಗಿ ಮಲಗಿ ಎದ್ದಿದ್ದವು. ಅವರು ಬಿಚ್ಚಿ ಮತ್ತೆ ಜೋಡಿಸಿದ ಮಿಕ್ಸಿ ಚಟ್ನಿಯನ್ನು ರುಬ್ಬುವುದಕ್ಕಿಂತ ಹೆಚ್ಚಾಗಿ ಸುತ್ತಲಿನವರಿಗೆ ಹಂಚುತ್ತಿತ್ತು. "ಇವರ ಕೈಗೆ ಸಿಕ್ಕೂ ಬಿಚ್ಚಿಹೋಗದೆ ಉಳಿದದ್ದು ನಮ್ಮ ಸಂಸಾರ ಒಂದೇ" ಎಂಬುದು ಪ್ರೇಮಕ್ಕನ ಷರಾ.

ಟೀವಿಯವರು ಹೊತ್ತಿಗೊಂದು ಬ್ರೇಕಿಂಗ್ ನ್ಯೂಸ್ ಎಂದು ಅರಚುವುದನ್ನು ಕಲಿತ ಆ ವರ್ಷಗಳಲ್ಲಿ ನಮ್ಮ ಬೀದಿಯಲ್ಲಿ ನಿಜಕ್ಕೂ ಬ್ರೇಕಿನ ಸುದ್ದಿಯೊಂದು ಹುಟ್ಟಿತು. ಎದುರು ಮನೆಯ ಸರೋಜ ಮತ್ತು ಶ್ರೀನಿವಾಸರ ಮಗಳು ನಿಶ್ಚಿತಾ ಮಣಿಪಾಲದ ಆಸ್ಪತ್ರೆಯಲ್ಲಿ ಹೆತ್ತಿದ್ದಳು. ಕಷ್ಟದ ಹೆರಿಗೆ. ಅಂಗೈಯಷ್ಟೇ ಎನ್ನುವಂಥ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಮಲಗಿದ್ದು, ಕೊನೆಗೂ ತೂಕ ಹಿಡಿದು, ಬರುವ ಸೋಮವಾರ ಮನೆಗೆ ಕರೆದೊಯ್ಯಿರಿ ಎಂದು ಆಸ್ಪತ್ರೆಯವರು ಹೇಳಿದ್ದರು. ಸುದ್ದಿ ಕೇಳಿದ ವೃಷಭೇಂದ್ರಪ್ಪನವರು ಹಿತ್ತಲ ಬಾಗಿಲಲ್ಲಿ ನಿಂತೇ ಘೋಷಿಸಿಬಿಟ್ಟರು: "ಹಾಗೇನಿಲ್ಲ, ಹೀಗೆ. ಬಾಣಂತೀನ ನಾನೇ ಕರ್ಕೊಂಡು ಬರ್ತೀನಿ. ನಮ್ಮ ಕಾರಲ್ಲಿ."

ಸರೋಜಳ ಕಣ್ಣು ತುಂಬಿತು. ಅವಳು ಅಂದೇ ಅಡ್ಡಗದ್ದೆಯ ತವರಿಗೂ ಕಮ್ಮರಡಿಯ ನಾದಿನಿಗೂ ಫೋನು ಮಾಡಿ, ಮಗು ಡಾಕ್ಟರ ಕಾರಿನಲ್ಲಿ ಬರುತ್ತದೆಂದು ಹೇಳಿಯಾಯಿತು.

ಕೊಪ್ಪಕ್ಕೂ ಮಣಿಪಾಲಕ್ಕೂ ನಡುವೆ ಆಗುಂಬೆ ಘಾಟಿಯಿದೆ. ಡಾಕ್ಟರ ಹಳೆಯ ಬಿಳಿ ಮಾರುತಿ ಆ ಘಾಟಿಯನ್ನು ಎಷ್ಟೋ ಸಲ ಯಾವ ಗೊಣಗೂ ಇಲ್ಲದೆ ಇಳಿದು ಹತ್ತಿತ್ತು. ಆದರೆ ಕೂಸಿನ ವಿಚಾರ ತಲೆಗೆ ಬಂದ ಮೇಲೆ ಅದೇ ಬ್ರೇಕು ಅವರಿಗೆ ತೀರ ಬಡವಾಗಿ ಕಂಡಿತು. ಶಿವಮೊಗ್ಗದ ಗುಜರಿ ಅಂಗಡಿಗೆ ಹೋಗಿ, ಅದೇ ಕಂಪನಿಯ ದೊಡ್ಡ ಕಾರೊಂದರಿಂದ ಬಿಚ್ಚಿದ ಮುಂದಿನ ಚಕ್ರಗಳ ಕ್ಯಾಲಿಪರ್ ಜೋಡಿಯನ್ನು ಆರಿಸಿದರು. ಚಕ್ರದ ಒಳಗಿನ ಉಕ್ಕಿನ ತಟ್ಟೆಯನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಇಕ್ಕಳ ಅದು. ಅಂಗಡಿಯವನು ಒಂದರ ಮೇಲೆ ಸೀಮೆಸುಣ್ಣದಲ್ಲಿ 'ಎ' ಎಂದೂ ಇನ್ನೊಂದರ ಮೇಲೆ 'ಬ' ಎಂದೂ ಗೀಚಿ, ಹೊಂದುವ ತಟ್ಟೆಗಳ ಸಮೇತ ಗೋಣಿಚೀಲದಲ್ಲಿ ಕಟ್ಟಿ ಕೊಟ್ಟ. ಎಡಕ್ಕೆ ಎಡ, ಬಲಕ್ಕೆ ಬಲ. ಶನಿವಾರ ಮಧ್ಯಾಹ್ನದೊಳಗೆ ಅಂಗಳದಲ್ಲಿ ಮಾರುತಿಯ ಮುಂಗಾಲಿಗೆ ಹೊಸ ಲಾಳ ಕಟ್ಟಿಯಾಯಿತು.

ಉಳಿದದ್ದು ಗಾಳಿ ತೆಗೆಯುವುದು. ಬ್ರೇಕಿನ ಕೊಳವೆಗಳನ್ನು ಬಿಚ್ಚಿದಾಗ ಎಣ್ಣೆಯ ನಡುವೆ ಗಾಳಿ ಹೊಕ್ಕಿರುತ್ತದೆ. ಎಣ್ಣೆ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ತುಳಿದರೆ ಬ್ರೇಕು ಹಿಡಿಯುವ ಬದಲು ಹತ್ತಿಯ ಮೂಟೆ ತುಳಿದಂತಾಗುತ್ತದೆ. ಅದನ್ನು ಹೊರಹಾಕಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಕೂತು ಕ್ಯಾಲಿಪರಿನ ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲಿಸಿ ಎಣ್ಣೆಯನ್ನೂ ಗುಳ್ಳೆಯನ್ನೂ ಕರೆಯಬೇಕು. ಕರೆಯುವುದೇನೋ ಡಾಕ್ಟರಿಗೆ ಕರತಲಾಮಲಕ. ಪೆಡಲಿಗೆ ಪ್ರೇಮಕ್ಕ ನೇಮಕವಾದರು.

ಮಡಿಲಲ್ಲಿ ಹಲಸಿನ ಬೀಜದ ತಟ್ಟೆ, ಕೈಯಲ್ಲಿ ಈಳಿಗೆಯ ಬದಲು ಪುಟ್ಟ ಚಾಕು, ಬಲಗಾಲು ಪೆಡಲಿನ ಮೇಲೆ. ಹೊರಗಿನಿಂದ ಗಂಡನ ದನಿ, ಕಾರಿನ ಹೊಟ್ಟೆಯಡಿಯಿಂದ ಬಂದಂತೆ:

"ಒತ್ತು... ಹಿಡಿ... ಹಿಡಿ... ಹಾಂ, ಬಿಡು."

"ಬಿಟ್ಟೆ."

"ನಾನು ಹೇಳೋ ಮುಂಚೆ ಬಿಟ್ಟೆ ನೀನು."

"ನೀವು ಹೇಳಿದ ಮೇಲೇ ಬಿಟ್ಟಿದ್ದು. ಮದುವೆಯಾದಾಗಿನಿಂದ ನೀವು ಹೇಳಿದ ಮೇಲೇ ಎಲ್ಲ ಬಿಟ್ಟಿದ್ದೀನಿ."

ನಿಪ್ಪಲಿಗೆ ಡ್ರಿಪ್ಪಿನ ಪಾರದರ್ಶಕ ನಳಿಗೆ, ಅದರ ತುದಿ ದನಗಳಿಗೆ ಏರಿಸಿ ಖಾಲಿಯಾದ ಕ್ಯಾಲ್ಸಿಯಂ ಬಾಟಲಿಯಲ್ಲಿ. ಎಣ್ಣೆ ಬಂತು. ಶುದ್ಧವಾದ, ಹೊನ್ನಿನಂಥ, ಒಂದು ಗುಳ್ಳೆಯೂ ಇಲ್ಲದ ಎಣ್ಣೆ. ಆದರೆ ಪೆಡಲ್ ಮಾತ್ರ ಮೆತ್ತಗೆ ತಳ ಮುಟ್ಟುತ್ತಿತ್ತು. ಸಂಜೆಯಾಯಿತು, ಹಲಸಿನ ಬೀಜವೆಲ್ಲ ಸಿಪ್ಪೆ ಕಳಚಿಕೊಂಡಿತು, ಬಾಟಲಿ ತುಂಬಿತು, ಗಾಳಿ ಎಲ್ಲಿಯೋ ಒಳಗೇ ಕೂತು ನಗುತ್ತಿತ್ತು.

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ವಾಸಪ್ಪ ಬಂದು, ಎರಡು ಸಲ ಪೆಡಲ್ ತುಳಿದು ತೀರ್ಪು ಕೊಟ್ಟ. "ಮಾಸ್ಟರ್ ಸಿಲಿಂಡರ್ ಹೋಗಿದೆ ಸಾರ್. ಪೆಡಲ್ಲಿಂದ ಎಣ್ಣೆ ತಳ್ಳೋದೇ ಅದು. ಹೊಸದು ಹಾಕ್ಸಿ."

"ಹಾಗೇನಿಲ್ಲ, ಹೀಗೆ" ಎಂದ ಡಾಕ್ಟರು ಚೀಲದಿಂದ ರಕ್ತನಾಳ ಹಿಡಿಯುವ ಇಕ್ಕಳಗಳನ್ನು ತೆಗೆದು, ಮುಂಚಕ್ರಗಳಿಗೆ ಹೋಗುವ ಎರಡೂ ರಬ್ಬರ್ ಕೊಳವೆಗಳನ್ನು ಬಟ್ಟೆ ಸುತ್ತಿ ಅಮುಕಿ ಕಟ್ಟಿದರು. "ಈಗ ಒತ್ತೇ ಪ್ರೇಮಾ."

ಪ್ರೇಮಕ್ಕ ಒತ್ತಿದರು. ಪೆಡಲ್ ಬಂಡೆಯಾಗಿತ್ತು.

"ಮಾಸ್ಟರ್ ಗಟ್ಟಿಯಿದೆ. ರೋಗ ಮುಂದಿನ ಎರಡು ಚಕ್ರದಲ್ಲೇ ಇದೆ." ಒಂದು ಇಕ್ಕಳ ಬಿಚ್ಚಿದರೆ ಪೆಡಲ್ ಒಂದಿಷ್ಟು ಮೆತ್ತಗೆ, ಇನ್ನೊಂದನ್ನೂ ಬಿಚ್ಚಿದರೆ ಪೂರ್ತಿ ಮೆತ್ತಗೆ. ವಾಸಪ್ಪ ತಲೆ ಕೆರೆದುಕೊಂಡ. "ಎರಡಕ್ಕೂ ಒಂದೇ ಕಾಯಿಲೆ ಹೆಂಗೆ ಸಾರ್ ಬರ್ತದೆ? ಅಂಟುರೋಗನಾ?" ಎಂದು ಕೇಳಿ, ಹಲಸಿನ ಬೀಜದ ಪಲ್ಯ ತಿಂದು ಹೋದ. ವಾಷರುಗಳನ್ನು ಬದಲಿಸಿದ್ದಾಯಿತು, ಕೀಲುಗಳನ್ನು ಬಿಗಿದದ್ದಾಯಿತು, ಸೋರಿಕೆ ಹುಡುಕಿದ್ದಾಯಿತು. ಪ್ರೇಮಕ್ಕನ ಮೀನಖಂಡ ಸೆಟೆದುಕೊಂಡಿತು.

ಆ ಸಂಜೆ ಸರೋಜ ಮತ್ತು ಶ್ರೀನಿವಾಸ ಬಂದರು. ನಾಳೆ ಎಷ್ಟು ಹೊತ್ತಿಗೆ ಹೊರಡುವುದೆಂದು ಕೇಳಲು ಬಂದವರು ಅಂಗಳದಲ್ಲಿ ಕಾರು ಇನ್ನೂ ಕಲ್ಲಿನ ಮೇಲೆ ನಿಂತಿದ್ದನ್ನು ಕಂಡರು. ವಿಷಯ ತಿಳಿದ ಶ್ರೀನಿವಾಸ ತಾನೇ ಕೂತು ಪೆಡಲ್ ತುಳಿದು ನೋಡಿದ. ಮತ್ತೆ ಮತ್ತೆ ಬೇಗ ಬೇಗ ತುಳಿದರೆ ಅದು ಮೇಲೆದ್ದು ಗಟ್ಟಿಯಾಗುತ್ತಿತ್ತು.

"ಎಂತ ಡಾಕ್ಟ್ರೇ, ಹಿಡೀತದಲ್ಲ! ಎರಡು ಸಲ ಪಂಪ್ ಹೊಡೆದ್ರೆ ಆಯ್ತು. ನಮ್ಮೂರಲ್ಲಿ ಅರ್ಧ ಜೀಪು ಓಡೂದೇ ಹೀಗೆ."

ಡಾಕ್ಟರು ಕೈಯ ಎಣ್ಣೆಯನ್ನು ಒರೆಸಿಕೊಂಡರು. ಪ್ರೇಮಕ್ಕ ಗಂಡನ ಮುಖ ನೋಡಿದರು. ಕರೆದ ಕಡೆ ಹೋಗದೆ ಇದ್ದ ಚರಿತ್ರೆಯೇ ಇಲ್ಲದ ಮನುಷ್ಯ. ಕೊಟ್ಟ ಮಾತು ಊರಿಗೇ ಹಬ್ಬಿದೆ. ಎದುರಿಗೆ ಕಾರಿನ ಪೆಡಲ್ ಗಟ್ಟಿಯಾಗಿ ನಿಂತು, ಬಾ ಬಾ ಎನ್ನುತ್ತಿದೆ. ಈಗ ಹೂಂ ಎಂದುಬಿಡುತ್ತಾರೆಂದೇ ಅವರಿಗೆ ಅನ್ನಿಸಿತು.

"ಹಾಗೇನಿಲ್ಲ..." ಎಂದು ಶುರುಮಾಡಿದ ಡಾಕ್ಟರಿಗೆ 'ಹೀಗೆ' ಸಿಗಲಿಲ್ಲ. "ಏನಾಗಿದೆ ಅಂತ ನನಗೆ ಗೊತ್ತಾಗ್ತಾ ಇಲ್ಲ ಶ್ರೀನಿವಾಸ. ಗೊತ್ತಾಗದೆ ಇರೋ ಗಾಡೀಲಿ ನಾನು ಮಗು ಕೂರಿಸಲ್ಲ. ನಾಳೆ ನಾನು ಬರಲ್ಲ. ಬಾಡಿಗೆ ಸುಮೋ ಹೇಳ್ತೀನಿ."

ಸರೋಜಳಿಗೆ ರೇಗಿತು. "ಕೇಳಿದ್ದು ನಾವಲ್ಲ ಡಾಕ್ಟ್ರೇ, ಹೇಳಿದ್ದು ನೀವು! ಡೀಸೆಲ್ ವಾಸನೆ ಸುಮೋದಲ್ಲಿ ಹಸಿ ಬಾಣಂತಿ ಹ್ಯಾಗೆ ಕೂತ್ಕೊಳ್ಳೂದು? ದನಕ್ಕಾದ್ರೆ ಕತ್ತಲಾದ್ರೂ ಓಡ್ತೀರಿ. ನಮ್ಮ ಕೂಸಿಗಾದ್ರೆ ಬರೂದಿಲ್ಲ. ಇರ್ಲಿ, ಗೊತ್ತಾಯ್ತು."

"ಸರೋಜಾ..." ಎಂದರು ಪ್ರೇಮಕ್ಕ.

"ನೀವು ಸುಮ್ನಿರಿ ಪ್ರೇಮಕ್ಕ. ಇದ್ದ ಬ್ರೇಕು ಚಂದ ಇತ್ತು. ಅದನ್ನ ಬಿಚ್ಚಿ ಅಂದೋರು ಯಾರು ಮಾರಾಯ್ತಿ?"

ಗೇಟು ಬಡಿದ ಸದ್ದಿನಲ್ಲಿ ಅವರಿಬ್ಬರೂ ಹೊರಟುಹೋದರು. ಡಾಕ್ಟರು ಕಾರಿಗೆ ಒರಗಿ ನಿಂತೇ ಇದ್ದರು. ಗಂಡನ ಬಾಯಲ್ಲಿ 'ಗೊತ್ತಾಗ್ತಾ ಇಲ್ಲ' ಎಂಬ ಮಾತನ್ನು ಪ್ರೇಮಕ್ಕ ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಆ ಮಾತಿಗೆ ಕಾದಿದ್ದವರು, ಬಂದಾಗ ಗೆದ್ದ ಖುಷಿಯಾಗುವುದೆಂದು ನಂಬಿದ್ದರು. ಆದದ್ದು ಬೇರೆ. ತಮ್ಮ ಸೆರಗಿನಿಂದ ಅವರ ಹಣೆಯ ಮೇಲಿದ್ದ ಗ್ರೀಸನ್ನು ಒರೆಸಿ, "ಒಳ್ಳೇದೇ ಹೇಳಿದ್ರಿ. ಒಳಗೆ ಬನ್ನಿ" ಎಂದರು.

ಸೋಮವಾರ ಬೆಳಗಾಗುತ್ತಲೇ ಶ್ರೀನಿವಾಸ ಸುಮೋದಲ್ಲಿ ಮಣಿಪಾಲಕ್ಕೆ ಹೊರಟ. ಬಾಣಂತಿಯ ನೀರುಮನೆ ಸಜ್ಜು ಮಾಡಲು ಸರೋಜ ಮನೆಯಲ್ಲೇ ಉಳಿದಳು. ಆ ಗಡಿಬಿಡಿಯಲ್ಲಿ ಕೊಟ್ಟಿಗೆಯ ಹಸು ಕೆಂಪಿಯನ್ನು ಕಟ್ಟಿದ ಹಗ್ಗ ಸಡಿಲಾದದ್ದು ಯಾರ ಗಮನಕ್ಕೂ ಬರಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಹಲಸಿನ ಹಣ್ಣುಗಳನ್ನು ಕೆಂಪಿ ಮನಸಾರೆ ತಿಂದು ಬಂದು ನಿಂತಿತು. ಡಾಕ್ಟರ ಮನೆಯ ಅಂಗಳಕ್ಕೆ ಸರೋಜ ಓಡಿಬಂದಾಗ ಅವಳ ಮುಖದಲ್ಲಿ ನಿನ್ನೆಯ ಸಿಟ್ಟೂ ಇಂದಿನ ಭಯವೂ ಜಾಗಕ್ಕಾಗಿ ನೂಕಾಡುತ್ತಿದ್ದವು.

"ಕೆಂಪಿ ಹೊಟ್ಟೆ ಡೋಲಾಗಿದೆ ಡಾಕ್ಟ್ರೇ. ಉಸಿರು ಬಿಡೂದಕ್ಕೆ ಆಗೂದಿಲ್ಲ ಅದಕ್ಕೆ."

ಡಾಕ್ಟರು ಆಗಲೇ ರಸ್ತೆ ದಾಟುತ್ತಿದ್ದರು. ಕೈಯೆಲ್ಲ ಬ್ರೇಕ್ ಎಣ್ಣೆಯಾಗಿದ್ದರಿಂದ ಚೀಲವನ್ನು ಪ್ರೇಮಕ್ಕ ಹೊತ್ತರು. ಕೊಟ್ಟಿಗೆಯಲ್ಲಿ ಕೆಂಪಿ ನಾಲಿಗೆ ಹೊರಚಾಚಿ, ಕಾಲು ಅಗಲಿಸಿ ನಿಂತಿತ್ತು. ಎಡ ಪಕ್ಕೆಯ ಹಿಂದಿನ ಹಳ್ಳ ಉಬ್ಬಿ ಬೆನ್ನೆಲುಬಿಗಿಂತ ಮೇಲೆದ್ದಿತ್ತು. ಡಾಕ್ಟರು ಕೈ ತೊಳೆದು ಅಲ್ಲಿ ಬೆರಳಿನಿಂದ ತಟ್ಟಿದರು. ತಮಟೆಯ ಸದ್ದು ಬಂತು. ಎಣ್ಣೆ ಕುಡಿಸಿ ಕಾಯುವಷ್ಟು ಹೊತ್ತಿರಲಿಲ್ಲ. ಚೀಲದಿಂದ ಟ್ರೋಕಾರ್ ತೆಗೆದರು. ಚೂಪು ಸಲಾಕೆಯ ಮೇಲೆ ಕೊಳವೆ ತೊಡಿಸಿದ ಉಪಕರಣ ಅದು; ಚುಚ್ಚಿ, ಸಲಾಕೆ ಹಿಂತೆಗೆದರೆ ಕೊಳವೆ ಒಳಗೇ ಉಳಿದು ಗಾಳಿಗೆ ದಾರಿಯಾಗುತ್ತದೆ.

"ಕ್ಷಮಿಸಬೇಕು ತಾಯಿ, ಒಂದು ಕ್ಷಣ" ಎಂದರು ಕೆಂಪಿಗೆ.

"ಅಯ್ಯೋ, ಅಷ್ಟು ಮೇಲಾ ಚುಚ್ಚೂದು?" ಎಂದಳು ಸರೋಜ ಕಣ್ಣು ಮುಚ್ಚಿಕೊಂಡು. "ಹೊಟ್ಟೆ ಕೆಳಗಿರೂದಲ್ದಾ?"

ಟ್ರೋಕಾರ್ ಇಳಿಯಿತು. ಬುಸ್ಸೆಂದು ಹಲಸಿನ ಹುಳಿವಾಸನೆ ಕೊಟ್ಟಿಗೆಯನ್ನೆಲ್ಲ ತುಂಬಿತು. ಉಬ್ಬಿದ ಪಕ್ಕೆ ಕಣ್ಣೆದುರೇ ಇಳಿಯತೊಡಗಿತು. ಕೊಳವೆಯನ್ನು ಹಿಡಿದು ನಿಂತ ಡಾಕ್ಟರು ಎಷ್ಟೋ ಕೊಟ್ಟಿಗೆಗಳಲ್ಲಿ ಹೇಳಿ ಸವೆದ ಉತ್ತರವನ್ನು ಅನ್ಯಮನಸ್ಕರಾಗಿ ಹೇಳಿದರು. "ಗಾಳಿ ಯಾವಾಗ್ಲೂ ಮೇಲೆ ಹೋಗಿ ಕೂರ್ತದೆ ಕಣಮ್ಮ. ಕೆಳಗೆ ಚುಚ್ಚಿದ್ರೆ ಬರೀ ನೀರು ಬರ್ತದೆ, ಗಾಳಿ ಅಲ್ಲೇ..."

ಡಾಕ್ಟರು ಕೈಯಲ್ಲಿದ್ದ ಕೊಳವೆಯನ್ನೇ ದಿಟ್ಟಿಸಿದರು.

"ರೀ" ಎಂದರು ಪ್ರೇಮಕ್ಕ, ಚೀಲ ಹಿಡಿದಲ್ಲಿಂದಲೇ. "ನಮ್ಮ ಬಾಟ್ಲಿಗೂ ಬರೀ ಎಣ್ಣೇನೇ ಬರ್ತಿತ್ತಲ್ವಾ?"

"ನಿಪ್ಪಲ್ ಕೆಳಗಿದೆ ಪ್ರೇಮಾ."

"ಎರಡರದ್ದೂ?"

"ಎರಡರದ್ದೂ! ಅಲ್ಲಿಂದ ಎಷ್ಟು ಕರೆದ್ರೂ ಮೇಲಿನ ಗಾಳಿ ಹ್ಯಾಗೆ ಬರ್ತದೆ? ನಾನೊಬ್ಬ ಎಮ್ಮೆ!" ಎಂದವರು, ಎಮ್ಮೆಗೆ ಅವಮಾನವಾಯಿತೆಂದೆನಿಸಿ, "ಅಲ್ಲ, ಕತ್ತೆ" ಎಂದು ತಿದ್ದಿದರು, ಕತ್ತೆಯೂ ತಮ್ಮ ರೋಗಿಯೇ ಎಂದು ಹೊಳೆದು ಸುಮ್ಮನಾದರು. "ಆ ಗುಜರಿಯವನು ಬಾನೆಟ್ಟಿನ ಎದುರು ನಿಂತು ಎಡ ಬಲ ಬರೆದಿದ್ದಾನೆ ಕಣೇ! ಅವನ ಎಡ, ಕಾರಿನ ಬಲ. ಊರಿಗೆಲ್ಲ ಬೈತೀನಲ್ಲ, ಅದನ್ನೇ ನಾನು ನೋಡ್ಲಿಲ್ಲ. ಎಡದ್ದು ಬಲಕ್ಕೆ ಹಾಕಿದ್ದಕ್ಕೆ ತಲೆಕೆಳಗಾಗಿ ಕೂತಿದೆ."

ಕೆಂಪಿ ದೀರ್ಘವಾಗಿ ತೇಗಿತು. ಸರೋಜ ಒಮ್ಮೆ ಹಸುವನ್ನೂ ಒಮ್ಮೆ ಡಾಕ್ಟರನ್ನೂ ನೋಡಿ, ಎರಡು ದಿನದಲ್ಲಿ ಮೊದಲ ಬಾರಿಗೆ ನಕ್ಕಳು. "ಹಾಗಾದ್ರೆ ಕಾರಿಗೂ ಹೊಟ್ಟೆ ಉಬ್ಬರನಾ ಡಾಕ್ಟ್ರೇ?"

ಕೆಂಪಿ ಪೂರ್ತಿ ಸುಧಾರಿಸಿಕೊಳ್ಳುವವರೆಗೆ ಡಾಕ್ಟರು ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಅಂಗಳದಲ್ಲಿ ತಮ್ಮ ಕಾರು ಕಾಯುತ್ತಿದೆಯೆಂದು ರೋಗಿಯ ಗಾಯವನ್ನು ಅವಸರದಲ್ಲಿ ಕಟ್ಟುವ ಜಾತಿಯಲ್ಲ ಅವರದು. ಆಮೇಲೆ ಮನೆಗೆ ಬಂದು ಕ್ಯಾಲಿಪರುಗಳನ್ನು ಅದಲುಬದಲು ಮಾಡಿದರು. ನಿಪ್ಪಲುಗಳು ಆಕಾಶ ನೋಡಿದವು. ಪ್ರೇಮಕ್ಕ ಪೆಡಲಿನ ಮೇಲೆ ಕಾಲಿಟ್ಟರು.

"ಒತ್ತು... ಹಿಡಿ..."

ನಳಿಗೆಯಲ್ಲಿ ಬುಳುಬುಳು ಗುಳ್ಳೆ. ಮತ್ತೆ ಒತ್ತಿದರೆ ಮತ್ತೆ ಗುಳ್ಳೆ. ಎರಡು ದಿನ ಅವಿತಿದ್ದ ಗಾಳಿಯೆಲ್ಲ ಹೊಳೆಯ ಮರಿಮೀನುಗಳಂತೆ ಸಾಲುಗಟ್ಟಿ ಬಾಟಲಿಗೆ ಬಂತು. ಒಂದು ಒತ್ತಿನಲ್ಲಿ ಪ್ರೇಮಕ್ಕನ ಅಂಗಾಲಿನ ಕೆಳಗೆ ಪೆಡಲ್ ಅರ್ಧದಲ್ಲೇ ನಿಂತುಬಿಟ್ಟಿತು. ಅದನ್ನು ಲೋಕದಲ್ಲಿ ಮೊದಲು ತಿಳಿದವರು ಅವರು. ಒಂದು ಗಳಿಗೆ ಹೇಳದೆ ತಾವೊಬ್ಬರೇ ಇಟ್ಟುಕೊಂಡರು.

"ರೀ, ಕಲ್ಲು" ಎಂದರು ಆಮೇಲೆ.

ಸರೋಜ ಗೇಟಿನಲ್ಲಿ ನಿಂತಿದ್ದಳು. "ಇನ್ನೂ ಹೊತ್ತಿದೆ. ಸುಮೋ ವಾಪಸ್ ಕಳ್ಸಿ ಅಂತ ಇವರಿಗೆ ಫೋನ್ ಮಾಡ್ಲಾ? ನೀವೇ ಹೋಗಿ ಬನ್ನಿ ಡಾಕ್ಟ್ರೇ."

ಇದಕ್ಕಿಂತ ದೊಡ್ಡ ರಾಜಿ ಆ ಹೆಂಗಸಿನಿಂದ ಬರಲಾರದೆಂದು ಪ್ರೇಮಕ್ಕನಿಗೆ ಗೊತ್ತಿತ್ತು. ಡಾಕ್ಟರು ಮತ್ತೆ ತಲೆಯಾಡಿಸಿದರು. "ಹಾಗೇನಿಲ್ಲ, ಹೀಗೆ. ಇವತ್ತು ಚುಚ್ಚಿದ ಹಸೂನ ಇವತ್ತೇ ಹೂಡೋದುಂಟಾ? ಮೊದಲು ನನ್ನೊಬ್ಬನ್ನೇ ಹೊತ್ತು ತಿರುಗ್ಲಿ."

ಕೂಸು ಸುಮೋದಲ್ಲೇ ಬಂತು. ಡೀಸೆಲ್ ವಾಸನೆಗೆ ಮುಖ ಸಿಂಡರಿಸಲೂ ಪುರುಸೊತ್ತಿಲ್ಲದಂತೆ ನಿದ್ದೆ ಮಾಡಿಕೊಂಡು ಬಂತು. ಮುಂದಿನ ವಾರಗಳಲ್ಲಿ ಊರವರು ಕಂಡದ್ದು ಒಂದು ವಿಚಿತ್ರ ನೋಟ: ಹಿಂದಿನ ಸೀಟಿನ ತುಂಬ ಹಿಂಡಿಯ ಮೂಟೆಗಳನ್ನು ಬಾಣಂತಿಯಂತೆ ಜೋಪಾನವಾಗಿ ಕೂರಿಸಿಕೊಂಡು ಬಿಳಿ ಮಾರುತಿ ಕೊಪ್ಪದ ಸುತ್ತಲ ಇಳಿಜಾರುಗಳನ್ನೆಲ್ಲ ಇಳಿಯುವುದು, ನಿಲ್ಲುವುದು, ಮತ್ತೆ ಇಳಿಯುವುದು. ಮಳೆ ಹಿಡಿದ ಮೇಲೆ ಒದ್ದೆ ರಸ್ತೆಯಲ್ಲಿ ಅದೇ ವ್ರತ. ಕೊನೆಗೊಂದು ದಿನ ಮಗುವನ್ನು ಮಣಿಪಾಲಕ್ಕೆ ತೋರಿಸಿಕೊಂಡು ಬರಬೇಕಾದಾಗ ಹಿತ್ತಲ ಬಾಗಿಲಲ್ಲಿ ಅವರು ಹೇಳಿದ್ದು ಇಷ್ಟೇ: "ಈಗ ಗೊತ್ತಾಗಿದೆ. ಬರ್ತೀನಿ."

ಆಗುಂಬೆಯ ಮಂಜಿನಲ್ಲಿ ಕಾರು ಇಳಿಯಿತು. ಹಿಂದೆ ಸರೋಜ, ನಿಶ್ಚಿತಾ, ಅವಳ ತೊಡೆಯ ಮೇಲೆ ಕೂಸು. ಮುಂದೆ ಗಂಡನ ಪಕ್ಕದಲ್ಲಿ ಪ್ರೇಮಕ್ಕ. ಮೊದಲ ತಿರುವಿನಲ್ಲಿ ಅವರ ಬಲಗಾಲು ಇಲ್ಲದ ಪೆಡಲನ್ನು ನೆಲದ ಚಾಪೆಯ ಮೇಲೆ ಒತ್ತಿ ಹಿಡಿಯಿತು. ಎರಡನೆಯದರಲ್ಲೂ ಒತ್ತಿತು. ಎದುರಿನಿಂದ ಲಾರಿಯೊಂದು ಮಂಜಿನೊಳಗಿಂದ ಮೂಡಿದಾಗ ಡಾಕ್ಟರು ಬ್ರೇಕು ತುಳಿದರು. ಕಾರು ಮಾತು ಕೇಳಿದ ಹಸುವಿನಂತೆ ನಿಂತಿತು. ಕೂಸು ಕಣ್ಣು ತೆರೆಯಲಿಲ್ಲ. "ಏನಾಯ್ತು?" ಎಂದು ತೂಕಡಿಕೆಯಲ್ಲೇ ಕೇಳಿದಳು ನಿಶ್ಚಿತಾ. "ಎಂತದೂ ಇಲ್ಲ, ಮಲಕ್ಕೋ" ಎಂದಳು ಸರೋಜ. ಸೋಮೇಶ್ವರದ ಬಯಲಿಗೆ ಇಳಿದ ಮೇಲೆ ಪ್ರೇಮಕ್ಕ ಕೆಳಗೆ ನೋಡಿಕೊಂಡರು. ಕಾಲು ಯಾವ ತಿರುವಿನಿಂದಲೋ ಒತ್ತುವುದನ್ನು ಬಿಟ್ಟು, ಚಪ್ಪಲಿ ಕಳಚಿ, ತನ್ನಷ್ಟಕ್ಕೆ ವಿಶ್ರಮಿಸುತ್ತಿತ್ತು.

ಕರೆದಾಗ ಬಂದವರ ಹೆಸರನ್ನು ನಾವು ಮರೆಯುವುದಿಲ್ಲ; ಅವರಿಗೆ ಶಾಲು ಹೊದಿಸುತ್ತೇವೆ, ಮಕ್ಕಳಿಗೆ ಅವರ ಕಥೆ ಹೇಳುತ್ತೇವೆ. ಬರಲಾರೆ ಎಂದವರಿಗೆ ಶಾಲಿಲ್ಲ. ಅವರು ತಪ್ಪಿಸಿದ ಅಪಘಾತ ನಡೆಯಲೇ ಇಲ್ಲವಾದ್ದರಿಂದ ಅದಕ್ಕೆ ಸಾಕ್ಷಿಯಿಲ್ಲ, ದಿನಾಂಕವಿಲ್ಲ, ಸುದ್ದಿಯೂ ಇಲ್ಲ. ವೃಷಭೇಂದ್ರಪ್ಪನವರಂಥವರು ತಪ್ಪು ಮಾಡುವುದಿಲ್ಲವೆಂದಲ್ಲ. ಚೆನ್ನಾಗಿದ್ದುದನ್ನು ಬಿಚ್ಚಿ ಕೆಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ತಮ್ಮ ತಪ್ಪಿನೊಳಗೆ ಇನ್ನೊಬ್ಬರ ಕೂಸನ್ನು ಕೂರಿಸಿಕೊಂಡು ಘಾಟಿ ಇಳಿಯುವುದಿಲ್ಲ ಅವರು. ಮುನಿಸನ್ನು ಹೊತ್ತಾರು, ಕೊಟ್ಟ ಮಾತನ್ನು ನುಂಗಿಯಾರು, ಗೊತ್ತಾಗುವವರೆಗೆ ಅಂಗಳದಲ್ಲೇ ನಿಂತಾರು. ಅಂಥವರಿಗೆ ಸಲ್ಲುವ ಕೃತಜ್ಞತೆಯನ್ನು ಎಲ್ಲಿ ಸಲ್ಲಿಸಬೇಕೆಂದು ನಮಗೆ ತಿಳಿಯುವುದಿಲ್ಲ. ಒಂದು ಮಗು ದಾರಿಯುದ್ದಕ್ಕೂ ಎಚ್ಚರವಾಗದೆ ಮನೆ ಸೇರುತ್ತದಲ್ಲ, ಬಹುಶಃ ಆ ನಿದ್ದೆಯೇ ಅದರ ರಸೀದಿ.